ಜೀವಶಾಸ್ತ್ರ: ಪರಿಸರವೋ, ಅಣುವೋ?

ಪ್ರಶ್ನೆ: ಪ್ರವೇಶ ಪರೀಕ್ಷೆಯ ಜೀವಶಾಸ್ತ್ರದಲ್ಲಿ ಪರಿಸರ ಅಥವಾ ಅಣು ವಿಭಾಗವನ್ನು ಆರಿಸಿಕೊಳ್ಳಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಚಿಕ್ಕರಸಿನಕೆರೆ

ಉತ್ತರ: ಅಮೆರಿಕದಲ್ಲಿ ಹಾಗೊಂದು ಪರೀಕ್ಷೆ ಇತ್ತು. ಎಸ್‌ಎಟಿ ವಿಷಯ ಪರೀಕ್ಷೆಯ ಜೀವಶಾಸ್ತ್ರದಲ್ಲಿ ಒಂದು ಗಂಟೆಗೆ 80 ಪ್ರಶ್ನೆ. 60 ಎಲ್ಲರಿಗೂ ಒಂದೇ. ಉಳಿದ 20ಕ್ಕೆ ಪರಿಸರವನ್ನೋ ಅಣುಜೀವಶಾಸ್ತ್ರವನ್ನೋ ಅಭ್ಯರ್ಥಿಯೇ ಆರಿಸಿಕೊಳ್ಳಬೇಕಿತ್ತು. 2021ರಲ್ಲಿ ಆ ಪರೀಕ್ಷೆಯೇ ನಿಂತುಹೋಯಿತು.

ನಮ್ಮ ಸಿಇಟಿ, ನೀಟ್‌ಗಳಲ್ಲಿ ಈ ಆಯ್ಕೆ ಇಲ್ಲ. ಎರಡನ್ನೂ ಓದಲೇಬೇಕು.

ಅದು ಒಳ್ಳೆಯದೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆರೆ, ಹೊಳೆಯ ಮೀನು ಹಕ್ಕಿಯ ಹೊಟ್ಟೆ ಸೇರಿ, ಮರದಡಿ ಹಿಕ್ಕೆಯಾಗಿ ಬಿದ್ದು, ಹೊಲಕ್ಕೆ ಗೊಬ್ಬರವಾಗುತ್ತದೆ. ಪೋಷಕಾಂಶ ಚಕ್ರದ ಪಾಠ ಕಣ್ಣೆದುರೇ ಇದೆ!

ಮಂಡ್ಯದ ವಿ.ಸಿ. ಫಾರಂ ರೂಪಿಸಿದ ಕೆಆರ್‌ಎಚ್‌-2 ಹೈಬ್ರಿಡ್ ಭತ್ತದ್ದು ಇನ್ನೊಂದು ಪಾಠ. ಅದರ ತಾಯಿ ತಳಿಯಲ್ಲಿ ಫಲವತ್ತಾದ ಪರಾಗ ಹುಟ್ಟುವುದಿಲ್ಲ. ಕಾರಣ, ಕೋಶದ ಮೈಟೊಕಾಂಡ್ರಿಯಾದಲ್ಲಿರುವ ಜೀನ್. ತಂದೆ ತಳಿಯ ಕೋಶಕೇಂದ್ರದ ಜೀನ್‌ಗಳು ಆ ದೋಷವನ್ನು ಸರಿಪಡಿಸುವುದರಿಂದಲೇ ರೈತರ ಗದ್ದೆಯ ಹೈಬ್ರಿಡ್ ಪೈರಿನಲ್ಲಿ ಕಾಳು ಕಟ್ಟುತ್ತದೆ.

ಪರಿಸರದ ಅಧ್ಯಾಯಗಳನ್ನು ಕೊನೆಗೆಂದು ಎತ್ತಿಡುವವರೇ ಹೆಚ್ಚು. ಅವನ್ನೇ ಮೊದಲು ಮುಗಿಸಿ, ಡಿಎನ್‌ಎ ನಕಲೀಕರಣ, ಪ್ರೋಟೀನ್ ಸಂಶ್ಲೇಷಣೆಗಳಿಗೆ ಹೆಚ್ಚು ದಿನ ಇಟ್ಟುಕೊಳ್ಳಿ.