ಹನಿಯೊಳಗಣ ಬೇಟೆ

ಹರಿಹರದ ಸಮೀಪದ ಕೊಂಡಜ್ಜಿಯ ಕೆರೆಯನ್ನು ಶ್ರೋತೃಗಳಲ್ಲಿ ಹಲವರು ಕಂಡಿರಬಹುದು. ಸುತ್ತ ಗುಡ್ಡ, ಕುರುಚಲು ಕಾಡು, ಸ್ಕೌಟ್ ಶಿಬಿರಕ್ಕೆ ಬಂದ ಮಕ್ಕಳ ಕಲರವ. ನಡುವೆ ನಿಶ್ಚಲವಾದ ನೀರು. ನಿಶ್ಚಲವೆಂಬುದು ನಮ್ಮ ಕಣ್ಣಿನ ಮಿತಿ. ಇಂಥ ಕೆರೆಗಳ ಒಂದೊಂದು ಬೊಗಸೆಯಲ್ಲಿಯೂ ಹಗಲಿರುಳು ಬೇಟೆ ನಡೆದಿರುತ್ತದೆ.

ನೀರಿನ ಸೆಳೆತಕ್ಕೆ ಒಳಗಾಗಿ ತೇಲುವ ಈ ಜೀವಿಗಳಿಗೆ 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ‘ಪ್ಲಾಂಕ್ಟನ್’ ಎಂದು ಹೆಸರಿಟ್ಟನು. ಗ್ರೀಕ್ ಮೂಲದಲ್ಲಿ ಅದಕ್ಕೆ ಅಲೆದಾಡುವುದು ಎಂದರ್ಥ. ನಮ್ಮ ಪಠ್ಯಪುಸ್ತಕಗಳು ‘ಪ್ಲವಕ’ ಎನ್ನುತ್ತವೆ. ‘ಅಲೆಮಾರಿ’ ಎಂದಿದ್ದರೆ ನನಗೆ ಹೆಚ್ಚು ಹಿತವಾಗುತ್ತಿತ್ತು.

ಇವುಗಳ ಬೇಟೆಯನ್ನು ತಿಳಿಯಬೇಕಾದರೆ ನೀರಿನ ಬಗೆಗಿನ ನಮ್ಮ ಅನುಭವವನ್ನು ಬದಿಗಿಡಬೇಕು. ಅಷ್ಟು ಕಿರಿದಾದ ಮೈಗೆ ನೀರು ಬೆಲ್ಲದ ಪಾಕದಂತೆ ಅಂಟು. ಆಹಾರದ ಕಣದತ್ತ ಮೆಲ್ಲನೆ ಸರಿದರೆ ನಡುವಿನ ನೀರೇ ಆ ಕಣವನ್ನು ಆಚೆಗೆ ನೂಕುತ್ತದೆ. ಆದಕಾರಣ ಕೆಲವು ಜೀವಿಗಳು ನೀರನ್ನೇ ತಮ್ಮೆಡೆಗೆ ಸೆಳೆಯುತ್ತವೆ. ರೋಟಿಫರ್ ಎಂಬ ಚಕ್ರಜೀವಿಯದು ಈ ಬಗೆ. ತಲೆಯ ಮೇಲಿನ ನವಿರು ರೋಮಗಳು ಅಲೆಯಲೆಯಾಗಿ ಬಾಗಿದಾಗ ಚಕ್ರ ಸುತ್ತಿದಂತೆ ತೋರುತ್ತದೆ. ನಿಜವಾಗಿ ಸುತ್ತುವುದು ಯಾವುದೂ ಇಲ್ಲ. ಆ ಸುಳಿಯಲ್ಲಿ ಬಂದ ಪಾಚಿಯ ಕಣಗಳನ್ನು ಗಂಟಲಿನ ದವಡೆ ಅರೆಯುವುದು, ಮೈ ಪಾರದರ್ಶಕವಾದ್ದರಿಂದ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಈ ಕುಲದಲ್ಲಿ ಸ್ವಜಾತಿಯನ್ನೇ ನುಂಗುವ ಆಸ್ಪ್ಲಾಂಕ್ನ ಎಂಬುದಿದೆ. ಅದರ ಮೈಯಿಂದ ಒಸರಿದ ದ್ರವ್ಯ ನೀರಿನಲ್ಲಿದ್ದರೆ ಸಾಕು, ಅದಕ್ಕೆ ಆಹಾರವಾಗುವ ಬ್ರಾಕಿಯೋನಸ್‌ನ ಮರಿಗಳು ತಾಯಿಗಿಲ್ಲದ ನೀಳವಾದ ಮುಳ್ಳುಗಳನ್ನು ಹೊತ್ತು ಹುಟ್ಟುತ್ತವೆ. ಬೇಡನ ವಾಸನೆ ತಾಯಿಗೆ ತಟ್ಟಿತು, ಕವಚ ತೊಟ್ಟದ್ದು ಮಗು!

ನೆಗೆದು ಹಿಡಿಯುವ ಬೇಟೆಗಾರ ಸೈಕ್ಲಾಪ್ಸ್, ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿನದು. ಉದ್ದ ಒಂದೆರಡು ಮಿಲಿಮೀಟರ್. ಕಣ್ಣು ಒಂದಿದ್ದರೂ ಬೇಟೆಯಲ್ಲಿ ನೆರವಾಗುವುದು ಮೀಸೆಯ ಕೂದಲು. ನೀರಿನ ಅತಿಸಣ್ಣ ಕಂಪನವೂ ಅದಕ್ಕೆ ತಿಳಿಯುತ್ತದೆ.

ಈ ಹಸಿವು ಮನುಷ್ಯನನ್ನೂ ಕಾಡಿತು. ನಾರುಹುಣ್ಣಿನ ರೋಗಿ ಮೆಟ್ಟಿಲುಬಾವಿಗೆ ಇಳಿದಾಗ ಅವನ ಕಾಲಿನ ಹುಣ್ಣಿನಿಂದ ಹುಳು ತನ್ನ ಮರಿಗಳನ್ನು ನೀರಿಗೆ ಚೆಲ್ಲುತ್ತಿತ್ತು. ಆ ಮರಿಗಳನ್ನು ನೇರವಾಗಿ ಕುಡಿದವನಿಗೆ ರೋಗ ಬಾರದು. ಸೈಕ್ಲಾಪ್ಸ್ ಅವನ್ನು ಬೇಟೆಯೆಂದು ನುಂಗಬೇಕು, ಅದರ ಒಡಲಲ್ಲಿ ಅವು ಸುಮಾರು ಎರಡು ವಾರ ಬಲಿಯಬೇಕು; ಆಮೇಲೆ ಆ ಸೈಕ್ಲಾಪ್ಸ್ ನಮ್ಮ ಚೊಂಬಿಗೆ ಬರಬೇಕು. ವರ್ಷದ ಬಳಿಕ ಮೊಳಗಟ್ಟಲೆ ಉದ್ದದ ಹುಳು ಚರ್ಮ ಸೀಳಿ ಹೊರಬರುತ್ತಿತ್ತು. ಕರ್ನಾಟಕವೂ ಈ ಪಿಡುಗಿಗೆ ತುತ್ತಾದ ರಾಜ್ಯಗಳಲ್ಲೊಂದು.

ಉಪಾಯವೂ ಅಲ್ಲಿಯೇ ಅಡಗಿತ್ತು. ಸೈಕ್ಲಾಪ್ಸ್ ಒತ್ತಾದ ಬಟ್ಟೆಯ ಕಣ್ಣಿನಲ್ಲಿ ತೂರದಷ್ಟು ದೊಡ್ಡದು. ಜೈನರು ಅಹಿಂಸೆಗಾಗಿ ನೀರು ಸೋಸುತ್ತ ಬಂದವರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೇಳಿಕೊಟ್ಟದ್ದೂ ಅದನ್ನೇ. ಜೊತೆಗೆ ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿಗಳು ಬಂದವು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಹುಳು ಹೋಯಿತು, ಒಕ್ಕಣ್ಣ ಮಾತ್ರ ನಮ್ಮ ಕೆರೆಗಳಲ್ಲಿ ಈಗಲೂ ಮೀಸೆ ಚಾಚಿ ಕಾದಿದ್ದಾನೆ.