ದಫ್ತರ ಅದೇ, ಹುಡುಕಾಟ ಮಾತ್ರ ನಿಧಾನ

ಬೆಳೆಸಾಲಕ್ಕಾಗಿ ಹುಮನಾಬಾದಿನ ರೈತರು ಪಹಣಿ ಕೇಳಿದರೆ ಹಿಂದೆ ಪಟವಾರಿಯು ಬಟ್ಟೆಯ ಗಂಟು ಬಿಚ್ಚಿ ದಫ್ತರ ತಿರುವುತ್ತಿದ್ದನು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಈಗ ಹುಡುಕುವುದು ಯಂತ್ರದ ಕೆಲಸ. ದಾಖಲೆಗಳ ಇಂಥ ದೊಡ್ಡ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ಅದರ ತಂತ್ರಾಂಶವನ್ನು ಹೊಸದಾಗಿಸಿದ ಮರುದಿನ, ಕ್ಷಣದಲ್ಲಿ ಸಿಗುತ್ತಿದ್ದ ಉತ್ತರಕ್ಕೆ ನಿಮಿಷಗಳೇ ಹಿಡಿಯುವುದುಂಟು. ದಾಖಲೆ ಕಳೆದಿಲ್ಲ, ಯಂತ್ರ ಕೆಟ್ಟಿಲ್ಲ, ಹಾಗಾದರೆ ತಡವೇಕೆ?

ಬಸವಣ್ಣನವರ ವಚನಗಳಲ್ಲಿ ಅಪರೂಪದ ಪದವೊಂದು ಬೇಕಾದರೆ ಗ್ರಂಥದ ಕೊನೆಯ ಅಕಾರಾದಿ ಸೂಚಿಯನ್ನು ನೋಡುತ್ತೇವೆ. ‘ಕೂಡಲಸಂಗಮದೇವ’ ಎಂಬ ಅಂಕಿತವೇ ಬೇಕಾದರೆ ಸೂಚಿಯಿಂದ ಪ್ರಯೋಜನವಿಲ್ಲ. ಅದು ಹೆಚ್ಚುಕಡಿಮೆ ಪ್ರತಿ ವಚನದಲ್ಲಿಯೂ ಇರುವುದರಿಂದ ಮೊದಲಿನಿಂದ ಓದುವುದೇ ಲೇಸು. ಡೇಟಾಬೇಸೂ ಹೀಗೆಯೇ ದಾರಿಯನ್ನು ಆರಿಸುತ್ತದೆ. ಯಾವುದು ಎಷ್ಟು ಸಲ ಬರುತ್ತದೆಂಬ ಎಣಿಕೆಯ ಟಿಪ್ಪಣಿಯೇ ಅದಕ್ಕೆ ಆಧಾರ.

ಟಿಪ್ಪಣಿ ಹಳತಾದರೆ ದಾರಿಯೂ ತಪ್ಪುತ್ತದೆ. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹುಮನಾಬಾದಿನಿಂದ ಚಿಟಗುಪ್ಪವೂ ಬಸವಕಲ್ಯಾಣದಿಂದ ಹುಲಸೂರೂ ಬೇರೆಯಾದವು. ಒಂದು ಪಟ್ಟಿಯಲ್ಲಿ ಸಾವಿರಾರು ಸಾಲುಗಳ ತಾಲ್ಲೂಕಿನ ಹೆಸರನ್ನು ತಿದ್ದಿ, ಎಣಿಕೆಯನ್ನು ಹಾಗೆಯೇ ಬಿಟ್ಟಿದ್ದಾರೆಂದು ಭಾವಿಸಿರಿ. ಚಿಟಗುಪ್ಪದಲ್ಲಿ ನಾಲ್ಕಾರು ಸಾಲುಗಳಷ್ಟೇ ಇವೆಯೆಂದು ನಂಬಿದ ತಂತ್ರಾಂಶವು ಸೂಚಿಗೂ ಸಾಲಿಗೂ ಸಾವಿರಾರು ಸಲ ಓಡಾಡುತ್ತದೆ.

ತಂತ್ರಾಂಶ ಬದಲಾದಾಗ ಈ ಟಿಪ್ಪಣಿಯೇ ಇಲ್ಲವಾಗಬಹುದು. ‘ಪೋಸ್ಟ್‌ಗ್ರೆಸ್’ ಎಂಬ ಪ್ರಸಿದ್ಧ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವ ‘ಪಿಜಿ ಅಪ್‌ಗ್ರೇಡ್’ ಎಂಬ ಸಾಧನವು, 2025ರ 18ನೆಯ ಆವೃತ್ತಿಗೆ ಮೊದಲು, ದಾಖಲೆಗಳನ್ನು ಒಯ್ಯುತ್ತಿತ್ತೇ ಹೊರತು ಎಣಿಕೆಯನ್ನು ಒಯ್ಯುತ್ತಿರಲಿಲ್ಲ. ‘ಅನಲೈಜ್’ ಎಂಬ ಆಜ್ಞೆ ಕೊಟ್ಟು ಹೊಸದಾಗಿ ಎಣಿಸಬೇಕಾಗಿತ್ತು.

ಆದರೆ ಮದ್ದಿಗಿಂತ ಮೊದಲು ನಾಡಿ ನೋಡಬೇಕು. ‘ಎಕ್ಸ್‌ಪ್ಲೇನ್ ಅನಲೈಜ್’ ಎಂಬ ಆಜ್ಞೆಯು ತಂತ್ರಾಂಶ ಹಿಡಿದ ದಾರಿಯನ್ನೂ, ಅಂದಾಜಿನ ಸಾಲುಗಳನ್ನೂ, ನಿಜವಾಗಿ ಸಿಕ್ಕ ಸಾಲುಗಳನ್ನೂ ತೋರಿಸುತ್ತದೆ. ಅಂದಾಜು 10, ಸಿಕ್ಕಿದ್ದು 50,000 ಎಂದಿದ್ದರೆ ಎಣಿಕೆಯ ಮೇಲೆಯೇ ಮೊದಲ ಅನುಮಾನ. ಎರಡೂ ಹೊಂದಿದ್ದರೆ, ತಕ್ಕ ಸೂಚಿ ಇದೆಯೇ, ಒಂದು ಕೆಲಸ ಇನ್ನೊಂದನ್ನು ತಡೆದು ನಿಲ್ಲಿಸಿದೆಯೇ ಎಂದು ಪರೀಕ್ಷಿಸಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ ಫಲ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಹೆಚ್ಚು ಬೆಲೆಯ ಯಂತ್ರ ಕೊಳ್ಳುವ ಮಾತು ಆಮೇಲಿನದು. ತಂತ್ರಾಂಶ ಬದಲಿಸಿದ ರಾತ್ರಿಯೇ ಎಣಿಕೆಯನ್ನೂ ಮುಗಿಸಿದರೆ, ಬೆಳಗ್ಗೆ ಬಂದವರ ಒಂದು ದಿನದ ಕೂಲಿ ಉಳಿಯುತ್ತದೆ.