ಕಣದ ಹಾಡು, ಕ್ಯಾಸೆಟ್ಟಿನ ರಾಗ

ರಾಶಿ ಮಾಡುವ ಯಂತ್ರಗಳು ಬರುವ ಮೊದಲು ನರೇಗಲ್ ಸುತ್ತಿನ ಎರೆಹೊಲಗಳ ಕಣದಲ್ಲಿ ಹಂತಿ ನಡೆಯುತ್ತಿತ್ತು. ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಅವುಗಳ ಕಾಲಡಿಗೆ ಜೋಳದ ತೆನೆ. ರಾತ್ರಿಯಿಡೀ ಎತ್ತು ಸುತ್ತಬೇಕು, ಹಿಂದೆ ನಡೆಯುವವನಿಗೆ ತೂಕಡಿಕೆ ಬರಬಾರದು. ಹಂತಿ ಪದ ಹುಟ್ಟಿದ್ದೇ ಇದಕ್ಕಾಗಿ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಹಾಡು ಇಷ್ಟೇ ಉದ್ದ ಎಂಬ ಲೆಕ್ಕವಿಲ್ಲ, ತೆನೆ ಕಾಳು ಬಿಡುವ ತನಕ ಅದು ನಡೆಯಬೇಕು. ಇಂಥದೇ ಹಣೆಬರಹದ ಇನ್ನೊಂದು ಸಂಗೀತ ಜಪಾನಿನಲ್ಲಿ ಹುಟ್ಟಿತು. ಟಿವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮುಗಳ ಸಂಗೀತ ಅದು. ಆಟಗಾರ ಒಂದು ಗುಂಡಿ ದಾಟಲು ಅರ್ಧ ನಿಮಿಷ ತೆಗೆದುಕೊಂಡಾನು, ಅರ್ಧ ತಾಸೂ ಒದ್ದಾಡಿಯಾನು. ರಾಗ ಕಟ್ಟುವವನಿಗೆ ಅದು ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಅವನೂ ಮೇಟಿಯ ಸುತ್ತಲಿನ ಹಾಡನ್ನೇ ಕಟ್ಟಬೇಕು: ಮುಗಿದಲ್ಲಿಂದ ಮತ್ತೆ ಮೊದಲಾಗುವ, ನೂರು ಸಲ ಕೇಳಿದರೂ ಬೇಸರ ತರದ ಹಾಡು.

ಈ ರಾಗಗಳಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂದು ಸಾಲು ಹಚ್ಚುವ ಚಟ ಲೋಕದ ತುಂಬ ಇದೆ. ಅದರಲ್ಲಿ ತಪ್ಪೇನಿಲ್ಲ, ಯಾವ ಗವಾಯಿ ದೊಡ್ಡವರು ಎಂಬ ವಾದ ನಮ್ಮ ಚಹಾದಂಗಡಿಗಳಿಗೂ ಹೊಸದಲ್ಲ. ತೊಡಕಿರುವುದು ಅಳತೆಗೋಲಿನಲ್ಲಿ. ಬ್ರಿಟನ್ನಿನ ಕ್ಲಾಸಿಕ್ ಎಫ್‌ಎಂ ಬಾನುಲಿ ಪ್ರತಿವರ್ಷ ಕೇಳುಗರ ಮತ ಪಡೆದು ಶಾಸ್ತ್ರೀಯ ಕೃತಿಗಳ ಪಟ್ಟಿ ಮಾಡುತ್ತದೆ. ‘ಫೈನಲ್ ಫ್ಯಾಂಟಸಿ 7’ ಆಟಕ್ಕೆ ನೊಬುವೊ ಉಯೆಮಾತ್ಸು ಕಟ್ಟಿದ ಎರಿತ್ ಎಂಬ ಹುಡುಗಿಯ ರಾಗ 2012ರಲ್ಲಿ ಆ ಪಟ್ಟಿಯ 16ನೇ ಸ್ಥಾನಕ್ಕೆ ಏರಿತು, ಮರುವರ್ಷ ‘ಫೈನಲ್ ಫ್ಯಾಂಟಸಿ’ ಸರಣಿಯ ಸಂಗೀತ 3ನೇ ಸ್ಥಾನಕ್ಕೆ ಬಂತು. ರಾಗ ಚೆಲುವಾಗಿದೆ, ಅನುಮಾನವಿಲ್ಲ. ಆದರೆ ಮತದಲ್ಲಿ ಎಣಿಕೆಯಾಗುವುದು ಅಭಿಮಾನಿಗಳ ತಲೆ. ಅಲ್ಲದೆ ಆ ರಾಗ ಆಟದಲ್ಲಿ ಕೇಳಿಸುವುದು ಕಥೆಯ ಕೆಲವೇ ಘಟ್ಟಗಳಲ್ಲಿ, ಸಿನಿಮಾದಲ್ಲಿ ಅಳುವ ದೃಶ್ಯಕ್ಕೆ ಪಿಟೀಲು ಬಂದಂತೆ. ಅದನ್ನು ಸಿನಿಮಾ ಸಂಗೀತದ ಸಾಲಿನಲ್ಲಿ ಎಷ್ಟು ಎತ್ತರದಲ್ಲಿಟ್ಟರೂ ಸರಿಯೇ. ಆಟದ ಸಂಗೀತವೆಂದು ಅಳೆಯುವಾಗ ಮಾತ್ರ ನನ್ನ ಪ್ರಶ್ನೆ ಬೇರೆ: ಇದು ಸುತ್ತಿಗೆ ತಾಳುತ್ತದೆಯೇ? ಕೈಯಲ್ಲಿರುವ ಕೆಲಸಕ್ಕೆ ಹೆಗಲು ಕೊಡುತ್ತದೆಯೇ?

ಈ ಪ್ರಶ್ನೆಗೆ ಸಿಕ್ಕ ಅತ್ಯಂತ ತುಂಬು ಉತ್ತರ, ನನ್ನ ಮಟ್ಟಿಗೆ, 1985ರ ‘ಸೂಪರ್ ಮಾರಿಯೋ ಬ್ರದರ್ಸ್’. ಕೊಜಿ ಕೊಂಡೊ ಅದಕ್ಕೆ ಸಂಗೀತ ಕೊಟ್ಟಾಗ ನಿಂಟೆಂಡೊ ಕಂಪನಿ ಸೇರಿ ಹೆಚ್ಚು ದಿನವಾಗಿರಲಿಲ್ಲ. 1983ರಲ್ಲಿ ಬಂದಿದ್ದ ಫ್ಯಾಮಿಕಾಂ ಎಂಬ ಆಟದ ಪೆಟ್ಟಿಗೆಯಲ್ಲಿ ಅವರಿಗೆ ಸಿಕ್ಕದ್ದು ಐದು ದನಿ: ಪೀಪಿಯಂಥ ಎರಡು, ತಗ್ಗಿನ ಸ್ವರಕ್ಕೆ ಒಂದು, ತಾಳಕ್ಕೆ ಬಳಸಬಹುದಾದ ‘ಶ್’ ಎಂಬ ಸದ್ದು ಒಂದು, ಮುದ್ರಿಸಿಟ್ಟ ತುಣುಕು ನುಡಿಸಲು ಇನ್ನೊಂದು. ತಗ್ಗಿನ ದನಿಯನ್ನು ಏರಿಸಿ ಇಳಿಸಲೂ ಬಾರದು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಚಿತ್ರ, ಸಂಗೀತ, ಆಟದ ನಿಯಮ ಎಲ್ಲ ಸೇರಿ ಕ್ಯಾಸೆಟ್ಟಿನಲ್ಲಿದ್ದ ಜಾಗ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸದು. ಸಾಲದ್ದಕ್ಕೆ ಮಾರಿಯೋ ನೆಗೆದಾಗಿನ ಸದ್ದಿಗೂ ಇದೇ ದನಿಗಳಲ್ಲೊಂದನ್ನು ಬಿಟ್ಟುಕೊಡಬೇಕು, ಆ ಗಳಿಗೆ ಹಾಡಿನಲ್ಲಿ ಒಂದು ಎಳೆ ಕಡಿಮೆ. ಕೊಂಡೊ ಮಾಡಿದ್ದೇನು? ನಾಲ್ಕಾರು ಚಿಕ್ಕ ತುಣುಕು ಕಟ್ಟಿ ಅವನ್ನು ಹಿಂದುಮುಂದಾಗಿ ಹೆಣೆದರು. ಸುಮಾರು ಒಂದೂವರೆ ನಿಮಿಷದ ಸುತ್ತು ಮುಗಿದು ಮತ್ತೆ ಮೊದಲಾಗುವಾಗ ಬೆಸುಗೆ ಎಲ್ಲಿತ್ತೆಂದು ಕಿವಿಗೆ ತಿಳಿಯುವುದಿಲ್ಲ. ನೀರಿನೊಳಗಿನ ಹಂತಕ್ಕೆ ಮೂರು ಎಣಿಕೆಯ ತೂಗಾಟದ ನಡೆ ಕೊಟ್ಟರು, ಈಜುವ ಬೆರಳು ತಾನಾಗಿ ಆ ತೂಗಿಗೆ ಬೀಳುತ್ತದೆ. ಗಡಿಯಾರದಲ್ಲಿ ನೂರಕ್ಕಿಂತ ಕಡಿಮೆ ಉಳಿದಾಗ ಅದೇ ರಾಗ ದ್ರುತಕ್ಕೆ ಜಿಗಿಯುತ್ತದೆ. ಖಯಾಲ್ ಕೇಳುವವರಿಗೆ ಲಯ ಏರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಬೆವರುವುದು ಅಂಗೈ, ಅಷ್ಟೇ ವ್ಯತ್ಯಾಸ.

ಇದೆಲ್ಲ ಬಾಲ್ಯದ ಮೋಹ ಎನ್ನುವವರಿದ್ದಾರೆ. ಆ ಪೆಟ್ಟಿಗೆಯ ನಕಲುಗಳು 1990ರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದವು, ರಜೆಯ ಮಧ್ಯಾಹ್ನಗಳಲ್ಲಿ ಮಾರಿಯೋ, ಕಾಂಟ್ರಾ ಆಡಿದ ಪೀಳಿಗೆಗೆ ಈಗ ನಡುವಯಸ್ಸು, ಅವರಿಗೆ ಹಿತವೆನಿಸುವುದು ರಾಗವಲ್ಲ, ಕಳೆದುಹೋದ ಆ ಮಧ್ಯಾಹ್ನ ಎಂಬುದು ಅವರ ವಾದ. ಪಟ್ಟಿ ಮಾಡುವವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು, ಎಷ್ಟೋ ಪಟ್ಟಿಗಳು ನಿಜಕ್ಕೂ ನೆನಪಿನ ಪಟ್ಟಿಗಳೇ. ಆದರೆ ಮೋಹವೊಂದೇ ಕಾರಣವಾಗಿದ್ದರೆ ಅದೇ ರಜೆಯಲ್ಲಿ ಕೇಳಿದ ಎಲ್ಲ ರಾಗಗಳೂ ಸಮನಾಗಿ ಉಳಿಯಬೇಕಿತ್ತು. ‘9999 ಇನ್ 1’ ಎಂದು ಬರೆದುಕೊಂಡು ಬರುತ್ತಿದ್ದ ಕ್ಯಾಸೆಟ್ಟುಗಳಲ್ಲಿ (ಅವುಗಳೊಳಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು) ಇದೇ ಐದು ದನಿಗಳಲ್ಲಿ ಕಟ್ಟಿದ, ಎರಡನೇ ಸುತ್ತಿಗೇ ಟಿವಿಯ ಸದ್ದು ಕುಗ್ಗಿಸಬೇಕೆನಿಸುವ ರಾಗಗಳೂ ಇದ್ದವು. ಅವು ಯಾರ ಪಟ್ಟಿಯಲ್ಲೂ ಇಲ್ಲ. ಇಕ್ಕಟ್ಟು ತಾನೇ ಒಂದು ಗುಣವಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಮಾರಿಯೋ ರಾಗವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಕಾಪಿಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಹೋದ ಮೊದಲ ವಿಡಿಯೋ ಗೇಮ್ ಸಂಗೀತ ಅದು.

ಇನ್ನೊಂದು ಆಕ್ಷೇಪ ಗದುಗಿನ ಸೀಮೆಯಲ್ಲೇ ಹೆಚ್ಚು ಗಟ್ಟಿಯಾಗಿ ಕೇಳುವಂಥದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸ್ವರಜ್ಞಾನ ಕೊಟ್ಟ ನೆಲದಲ್ಲಿ ನಿಂತು, ಯಂತ್ರದ ಪೀಪಿಯನ್ನು ಸಂಗೀತ ಎನ್ನುವುದೇ? ಮೀಂಡ್ ಎಲ್ಲಿ, ಗಮಕ ಎಲ್ಲಿ, ಉಸಿರೆಲ್ಲಿ? ನ್ಯಾಯವಾದ ಪ್ರಶ್ನೆ. ಆದರೆ ನರೇಗಲ್ಲಿನ ನೆರೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಥೆ ಇಲ್ಲಿ ನೆನಪಾಗಬೇಕು. ಹುಡುಗನನ್ನು ಮನೆಬಿಟ್ಟು ಗುರುವನ್ನು ಹುಡುಕಿ ಹೊರಡುವಂತೆ ಮಾಡಿದ್ದು ಬೈಠಕ್ಕಲ್ಲ, ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಒಂದು ಗ್ರಾಮೋಫೋನ್ ತಟ್ಟೆ. ಅದರ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಮೂರು ನಿಮಿಷ. ತಾಸುಗಟ್ಟಲೆ ಹಾಡುವವರು ಆ ಮೂರು ನಿಮಿಷಕ್ಕೆ ಏನನ್ನು ಉಳಿಸಬೇಕು, ಏನನ್ನು ಬಿಡಬೇಕೆಂದು ತೀರ್ಮಾನಿಸಿದ್ದರಿಂದಲೇ ಆ ತಟ್ಟೆ ಅಷ್ಟು ಬಿಗಿಯಾಯಿತು. ಐದು ದನಿಯ ರಾಗವನ್ನು ಖಾನ್ ಸಾಹೇಬರ ಪಕ್ಕ ಕೂರಿಸುತ್ತಿಲ್ಲ, ಅದು ಹಾಸ್ಯಾಸ್ಪದ. ಯಂತ್ರದ ಮಿತಿ ಸಂಗೀತದ ಮಿತಿಯಾಗಲೇಬೇಕಿಲ್ಲ ಎಂಬಷ್ಟೇ ಮಾತು. ಮೀಂಡ್ ಇಲ್ಲವೆಂಬ ಕಾರಣಕ್ಕೆ ಹಾರ್ಮೋನಿಯಂ ಅನ್ನು ದೂರ ಇಟ್ಟಿದ್ದವರೂ ಇದ್ದರು, ನಮ್ಮ ಭಜನಾ ಮೇಳಗಳು ಅವರ ಮಾತು ಕೇಳಲಿಲ್ಲ.

ಮಾರಿಯೋದ ನಂತರ ನನ್ನ ಸಾಲಿನಲ್ಲಿ ಬರುವುದು ಹಲವರಿಗೆ ಹಾಡೇ ಅಲ್ಲವೆನಿಸುವ 1986ರ ‘ಮೆಟ್ರಾಯ್ಡ್’. ಹಿರೊಕಾಜು ತನಾಕಾ ಅದರಲ್ಲಿ ಹಲವೆಡೆ ರಾಗವನ್ನೇ ತಡೆಹಿಡಿದರು. ಗುಹೆಯ ಸದ್ದು ಯಾವುದು, ಸಂಗೀತ ಯಾವುದು ತಿಳಿಯದ ಹಾಗೆ ಆಟಗಾರನನ್ನು ಕತ್ತಲಲ್ಲಿ ನಡೆಸಿ, ಕೊನೆಯ ಶತ್ರು ಸತ್ತ ಮೇಲೆ ಮಾತ್ರ ಮನಬಿಚ್ಚಿ ಹಾಡುವುದು ಅವರ ಉದ್ದೇಶವಾಗಿತ್ತು. ತನಾಕಾ ಅವರೇ 1989ರಲ್ಲಿ ಗೇಮ್‌ಬಾಯ್‌ನ ‘ಟೆಟ್ರಿಸ್’ಗೆ ರಷ್ಯದ ಜನಪದ ಹಾಡೊಂದನ್ನು ಅಳವಡಿಸಿದರು. 19ನೆಯ ಶತಮಾನದ ‘ಕೊರೊಬೇಯ್ನಿಕಿ’ ಅದು, ಊರೂರು ಸುತ್ತಿ ಸರಕು ಮಾರುವವರ ಹಾಡು. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಹೊಂದಿಸುವ ಕೊನೆಯಿಲ್ಲದ ಕೆಲಸಕ್ಕೆ ಸುತ್ತಾಟದ ಹಾಡು ಹೊಂದಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಹೊಸದಾಗಿ ಕಟ್ಟಿದ್ದಕ್ಕೂ ಆಯ್ದು ತಂದದ್ದಕ್ಕೂ ಒಂದು ಮೆಟ್ಟಿಲು ಅಂತರ ಇಡಬೇಕು, ಆದ್ದರಿಂದ ಮೂರನೆಯದು.

ನಾಲ್ಕನೆಯ ಸ್ಥಾನಕ್ಕೆ ಕೊಯಿಚಿ ಸುಗಿಯಾಮಾ ಅವರ ‘ಡ್ರ್ಯಾಗನ್ ಕ್ವೆಸ್ಟ್’ ಆರಂಭ ಗೀತೆ ಇಡಲು ನನಗೆ ಬಹಳ ಹಿಂಜರಿಕೆ ಇತ್ತು. 1986ರ ಆಟದ ಆ ಗೀತೆ ಮೂಲದಲ್ಲೇ ವಾದ್ಯವೃಂದದ ಕನಸು ಕಾಣುತ್ತದೆ, ಸುಗಿಯಾಮಾ ಅದನ್ನು ಬೇಗನೆ ಸಭಾಂಗಣಕ್ಕೂ ಒಯ್ದರು. ಸಭಾಂಗಣದಲ್ಲಿ ಹಾಡಿಗೆ ಕೆಲಸವಿಲ್ಲ, ಹಂತಿ ಪದವನ್ನು ಜಾನಪದ ಸಮ್ಮೇಳನದ ವೇದಿಕೆಯಲ್ಲಿ ಹತ್ತು ನಿಮಿಷ ಹಾಡಿಸಿ ಶಾಲು ಹೊದಿಸಿದಂತೆ ಅದು. ಮನಸ್ಸು ಬದಲಿಸಿದ್ದು ಟೋಕಿಯೋ ಒಲಿಂಪಿಕ್ಸ್. 2021ರ ಜುಲೈ 23ರಂದು, ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ ದೇಶದೇಶದ ಆಟಗಾರರ ನಡಿಗೆ ಮೊದಲಾದದ್ದು ಇದೇ ಗೀತೆಯಿಂದ; ಅದರ ಬೆನ್ನಿಗೆ ಬೇರೆ ಆಟಗಳ ರಾಗಗಳೂ ಸುತ್ತು ಹಾಕಿದವು. ಯಾವ ತಂಡ ಎಷ್ಟು ಹೊತ್ತು ನಡೆದೀತೆಂದು ಯಾರಿಗೂ ಗೊತ್ತಿರಲಿಲ್ಲ. ನಡೆಯುವವರು ನಡೆಯುತ್ತಲೇ ಇದ್ದರು, ಹಾಡು ಅವರ ಹಿಂದೆ ಸುತ್ತುತ್ತಲೇ ಇತ್ತು.